ಉರಾಳರ ಕೈಮೇಲಿನ ತಾರೀಖು

ಮಧುಸೂದನ ಉರಾಳರ ಮುಖಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅವರ ಬಲಗೈ. ಕೋಟದಲ್ಲಿ ಒಂದು ಉಪನಯನದ ಊಟ. ಎರಡು ವರ್ಷದ ಹಿಂದಿನ ಮಾತು. ನೆಲದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರಿಗೆ ಬಡಿಸುವವರ ಮುಖ ಕಾಣುವುದು ಅಪರೂಪ. ಪಾದ ಕಾಣುತ್ತದೆ, ಬಕೆಟ್ಟು ಕಾಣುತ್ತದೆ, ಸೌಟು ಹಿಡಿದ ಕೈ ಕಾಣುತ್ತದೆ. ಆ ದಿನ ಹುಳಿಯ ಸೌಟಿನೊಡನೆ ಬಾಗಿ ಬಂದ ಕೈಯ ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಮುದ್ದಾದ ಅಕ್ಷರಗಳಲ್ಲಿ ಹಚ್ಚೆ ಹಾಕಿತ್ತು: 'ನಸ್ಯ ಬಿಟ್ಟ ದಿನ ೨-೬-೨೦೨೩'.

ಪಕ್ಕದ ಎಲೆಯ ಮುದುಕರೊಬ್ಬರು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು.

"ಎಂತ ಉರಾಳ್ರೇ, ಐದ್ ತಿಂಗ್ಳ್ ಆಯ್ತಲ್ಲ! ಭೇಷ್!"

"ಹ್ಞೂಂ, ಹ್ಞೂಂ. ಹುಳಿ ಇನ್ನೊಂದ್ ಸೌಟ್ ಹಾಕ್ಲಾ?"

ಹಾಗೆಂದು ಕೇಳಿದರೇ ಹೊರತು ಹಾಕಲು ನಿಲ್ಲಲಿಲ್ಲ. ಮನೆಪಾಠ ಮಾಡದೆ ಬಂದ ಹುಡುಗ ಪುಸ್ತಕ ಮುಚ್ಚಿಕೊಳ್ಳುವ ಹಾಗೆ ಕೈಯನ್ನು ಹಿಂದಕ್ಕೆಳೆದು ಮುಂದಿನ ಎಲೆಗೆ ದಾಟಿಬಿಟ್ಟರು. ಅಂಥ ಹುಡುಗರನ್ನು ಬಹುಕಾಲ ನೋಡಿದವರಿಗೆ ಅದರ ಅರ್ಥ ಗೊತ್ತು. ಪರಿಚಯ ಬೆಳೆದ ಮೇಲೆ ಉರಾಳರೇ ಬಾಯಿಬಿಟ್ಟು ಎಲ್ಲವನ್ನೂ ಹೇಳಿದರು. ಅವರು ಮರೆತದ್ದನ್ನು ಅವರ ಹೆಂಡತಿ ಸುಗುಣಾ ಮರೆಯದೆ ಸೇರಿಸಿದರು.

ಉರಾಳರ ಮನೆ ಸಾಲಿಗ್ರಾಮದ ಹತ್ತಿರ. ಈಗ ಐವತ್ತಾರರ ವಯಸ್ಸು. ಹತ್ತೊಂಬತ್ತನೆಯ ವಯಸ್ಸಿನಿಂದ ಅಡುಗೆ ಮಾಡುತ್ತಿದ್ದಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಉಪನಯನ, ಗೃಹಪ್ರವೇಶ ಎಲ್ಲಿದ್ದರೂ ಅವರ ಕೊಪ್ಪರಿಗೆಗಳು ಹೋಗುತ್ತವೆ. ಇದೆಲ್ಲ ಹೊಟ್ಟೆಪಾಡಿನ ಅಡುಗೆ. ಅವರ ಮಾನದ ಅಡುಗೆ ಬೇರೆಯೇ ಇದೆ. ಊರ ದೇವಸ್ಥಾನದಲ್ಲಿ ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ನಡೆಯುವ ಸಮಾರಾಧನೆಗೆ ಇಪ್ಪತ್ತಾರು ವರ್ಷಗಳಿಂದ ಅವರದೇ ಸೌಟು.

ಆ ಅಡುಗೆಯಲ್ಲಿ ಒಂದು ಕಟ್ಟು ಇದೆ. ದೇವರಿಗೆ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡಬಾರದು. ಬೇಕೆಂದು ಬಾಗಿ ಮೂಸಿ ನೋಡುವಂತೆಯೂ ಇಲ್ಲ. ಕೊಪ್ಪರಿಗೆಯಿಂದ ತಾನಾಗಿ ಎದ್ದು ಬಂದ ಹಬೆ ಮೂಗಿಗೆ ಏನು ಹೇಳುತ್ತದೋ ಅಷ್ಟೇ. ಉಪ್ಪಿಗೆ ಎಲ್ಲಿದೆ ವಾಸನೆ ಎಂದು ವಿಜ್ಞಾನದ ಮಾಸ್ತರರು ಕೇಳಿಯಾರು. ಉಪ್ಪಿಗೆ ಇಲ್ಲ, ಉಪ್ಪು ಬಿದ್ದ ಹುಳಿಗೆ ಇದೆ ಎಂಬುದು ಅಡುಗೆಯವರ ಉತ್ತರ. ಉರಾಳರಂತೂ ಅಡುಗೆಶಾಲೆಯ ಬಾಗಿಲಿನಲ್ಲಿ ನಿಂತು, ಸಾಲಿನ ಮೂರನೆಯ ಕೊಪ್ಪರಿಗೆಯ ಕಡೆ ಗಲ್ಲ ಎತ್ತಿ, "ಅದಕ್ಕೊಂದ್ ಮುಷ್ಟಿ ಉಪ್ಪ್" ಎನ್ನುತ್ತಿದ್ದರು. ಒಂದು ಮುಷ್ಟಿ ಎಂದರೆ ಒಂದೇ ಮುಷ್ಟಿ.

ಇಂಥ ಮೂಗಿಗೆ ಅವರು ಮೂವತ್ತೈದು ವರ್ಷಗಳಿಂದ ನಸ್ಯ ತುಂಬುತ್ತ ಬಂದಿದ್ದರು. ಕೆಲಸ ಕಲಿಸಿದ ಹಿರಿಯರು ಸೌಟಿನ ಜೊತೆಗೆ ಕಲಿಸಿದ ಚಟ ಅದು. ಒಲೆಯ ಹೊಗೆಗೆ ತಲೆ ಹಿಡಿದಾಗ ಒಂದು ಚಿಟಿಕೆ ಎಂದು ಶುರುವಾದದ್ದು, ಆಮೇಲೆ ಒಲೆ ಹಚ್ಚುವಾಗ ಒಂದು, ಆರಿಸುವಾಗ ಒಂದು ಎಂದಾಯಿತು. ಸೊಂಟದ ಪಂಚೆಯ ಮಡಿಕೆಯಲ್ಲಿ ಪುಟ್ಟ ತಗಡಿನ ಡಬ್ಬಿ ಇಲ್ಲದೆ ಅವರನ್ನು ಕಂಡವರಿಲ್ಲ.

ಮೂಗು ಬಹಳ ಕಾಲ ಸಹಿಸಿತು. ಎರಡು ಸಾವಿರದ ಇಪ್ಪತ್ತಮೂರರ ಸಮಾರಾಧನೆಯ ದಿನ ಕೈಕೊಟ್ಟಿತು. ಕುಂಬಳಕಾಯಿಯ ಹುಳಿಗೆ ಉಪ್ಪೇ ಬಿದ್ದಿರಲಿಲ್ಲ. ನೈವೇದ್ಯವೂ ಆಗಿಹೋಯಿತು. ದೇವರು ಏನೂ ಹೇಳಲಿಲ್ಲ. ಮುನ್ನೂರು ಜನ ಊಟಕ್ಕೆ ಕುಳಿತರು; ಅವರೂ ಏನೂ ಹೇಳಲಿಲ್ಲ. ಎಲೆಯ ಎಡತುದಿಗೆ ಬಡಿಸಿದ್ದ ಉಪ್ಪನ್ನು ಮಾತ್ರ ಎಲ್ಲರೂ ಮೆಲ್ಲಗೆ ಅನ್ನದ ಕಡೆಗೆ ಎಳೆದುಕೊಂಡರು. ಉಪ್ಪು ಬಡಿಸುವವನು ಎರಡನೆಯ ಸಲ, ಮೂರನೆಯ ಸಲ ಬರಬೇಕಾಯಿತು. ದೇವಸ್ಥಾನದ ಆಡಳಿತ ನೋಡುವ ಮುಕ್ತೇಸರ ಶಾಮರಾಯರು ಕೈತೊಳೆದು ಬಂದು ಉರಾಳರ ಎದುರು ನಿಂತರು. ಎಪ್ಪತ್ತೆಂಟು ವರ್ಷದ, ಕಡ್ಡಿಯಂಥ ಮನುಷ್ಯ. ನಗದೆ ತಮಾಷೆ ಮಾಡುವವರು.

"ಮಧೂ, ದೇವ್ರಿಗ್ ಬಿ.ಪಿ. ಬಂದಿತ್ತ್ ಅಂದ್ ನಂಗ್ ಯಾರೂ ಹೇಳ್ಲೇ ಇಲ್ಲ ಕಾಣ್!"

ಸುತ್ತಲಿನವರು ಹೆಗಲ ಬೈರಾಸಿನಿಂದ ಬಾಯಿ ಮುಚ್ಚಿಕೊಂಡರು. ಶಾಮರಾಯರು ದನಿ ತಗ್ಗಿಸಿ ಮುಂದುವರಿಸಿದರು: "ಆ ಡಬ್ಬಿ ಬಿಡ್ಕ್ ನೀ. ಬರೂ ವರ್ಷ ಹೀಂಗೇ ಆರೆ ನಾ ಬ್ರಹ್ಮಾವರದ ಜಿತೇಂದ್ರನ್ನ ಕರೀತೆ. ಅವ್ನ ಹತ್ರ ತಕ್ಕಡಿ ಇತ್ತ್."

ಕೆಲಸ ಹೋಗುತ್ತದೆ ಎಂಬುದಕ್ಕಿಂತ ತಕ್ಕಡಿ ಎಂಬ ಮಾತು ಉರಾಳರಿಗೆ ಹೆಚ್ಚು ನೋವು ಕೊಟ್ಟಿತು. ಉಪ್ಪನ್ನು ತೂಗಿ ಹಾಕುವವನು ತಮ್ಮ ಜಾಗದಲ್ಲಿ ನಿಲ್ಲುವುದೆಂದರೇನು?

ಆ ಸಂಜೆಯೇ ಡಬ್ಬಿಯನ್ನು ಬಾವಿಗೆ ಎಸೆದರು. ಮರುದಿನ ಹೊಸ ಡಬ್ಬಿ ತಂದರು. ಮತ್ತೊಂದು ಸಲ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು, "ನಾ ಕಾಲ್ ಹಿಡ್ದ್ರೂ ಕೊಡ್ಬೇಡ" ಎಂದರು. ಮೂರನೆಯ ದಿನ ಕಾಲು ಹಿಡಿಯುವ ಹಂತಕ್ಕೇ ಬಂದಾಗ ಸುಗುಣಾ, "ಹಿಡೀರಿ ಕಾಂಬ, ಮದಿ ಆದಂದಿಂದ ಒಂದ್ ಸರ್ತಿಯಾರೂ ಹಿಡಿಲಿಲ್ಲ" ಎಂದು ನಕ್ಕು ಕೊಟ್ಟೇಬಿಟ್ಟರು. ಏಪ್ರಿಲು ಕಳೆಯುವ ಹೊತ್ತಿಗೆ ಉರಾಳರು ಐದು ಸಲ ನಸ್ಯ ಬಿಟ್ಟಿದ್ದರು, ಆರು ಸಲ ಹಿಡಿದಿದ್ದರು.

ಆಗ ಅವರ ಕಣ್ಣಿಗೆ ಬಿದ್ದದ್ದು ಮಗಳ ಕೈ.

ಮಗಳು ಅನ್ವಿತಾ ಕುಂದಾಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹಿಂದಿನ ವರ್ಷ ಅವಳಿಗೊಂದು ಸಂಬಂಧ ಕೂಡಿಬಂದಿತ್ತು. ಮಾತುಕತೆ ಮುಗಿದು ಹೋಳಿಗೆ ತಿನ್ನುವ ಹೊತ್ತಿಗೆ ಹುಡುಗನ ಕಡೆಯವರು, ಮದುವೆಯ ಮೇಲೆ ಕೆಲಸ ಬಿಡಬೇಕಾಗುತ್ತದೆ ಎಂದರು. ಅನ್ವಿತಾ ಹೋಳಿಗೆಯ ತಟ್ಟೆ ಕೆಳಗಿಟ್ಟು, "ಬಿಡುದಿಲ್ಲ" ಎಂದಳು. ಅಷ್ಟೇ ಮಾತು. ಸಂಬಂಧ ಮುರಿಯಿತು. ಹೋಳಿಗೆ ಉಳಿಯಿತು. ತಿಂಗಳು ಕಳೆದ ಮೇಲೆ ಅವಳ ಎಡಗೈಯ ಮಣಿಕಟ್ಟಿನ ಒಳಗೆ ಪುಟ್ಟದೊಂದು ಹಚ್ಚೆ ಕಾಣಿಸಿಕೊಂಡಿತು.

"ಎಂತ ಮಗಾ ಅದ್? ಸೌಟಾ?" ಎಂದು ಉರಾಳರು ಆಸೆಯಿಂದ ಕೇಳಿದ್ದರು.

"ಟೆಸ್ಟ್ ಟ್ಯೂಬ್ ಅಪ್ಪಯ್ಯ. ಬಿಡುದಿಲ್ಲ ಅಂದದ್ದ್ ನೆನ್ಪಿರ್ಲಿ ಅಂದ್ ಹಾಕ್ಸ್‌ದೆ."

"ನಿಂಗ್ ಮರ್ತ್ ಹೋತಿತ್ತಾ?"

"ನಂಗಲ್ಲ. ನೀವ್ ಮರೀಬಾರ್ದಲೆ!"

ಉರಾಳರು ಒಂದನ್ನು ಗಮನಿಸಿದ್ದರು. ಸಂಬಂಧ ಮುರಿದ ಹೊಸದರಲ್ಲಿ ಅನ್ವಿತಾ ನೆಂಟರ ಎದುರು ಬರಲು ಹಿಂಜರಿಯುತ್ತಿದ್ದಳು. ಹಚ್ಚೆ ಹಾಕಿಸಿಕೊಂಡ ಮೇಲೆ ಯಾರಾದರೂ ಆ ವಿಷಯ ಎತ್ತಿದರೆ ಬಳೆಯನ್ನು ಮೇಲಕ್ಕೆ ಸರಿಸಿ, ಅದನ್ನೊಮ್ಮೆ ನೋಡಿ, ಚಹಾ ತರಲು ನಿರಾತಂಕವಾಗಿ ಎದ್ದು ಹೋಗುತ್ತಿದ್ದಳು. ಸೂಜಿಯಲ್ಲಿ ಏನೋ ಶಕ್ತಿ ಇರಬೇಕು ಎಂದು ಉರಾಳರಿಗೆ ಅನಿಸಿತು. ಅಲ್ಲಿಯೇ ಅವರು ಎಡವಿದ್ದು. ಮಗಳು ಪರೀಕ್ಷೆ ಬರೆದು, ಪಾಸಾಗಿ, ಆಮೇಲೆ ಅಂಕಪಟ್ಟಿ ತಂದಿದ್ದಳು. ಅಪ್ಪಯ್ಯ ಅಂಕಪಟ್ಟಿಯನ್ನು ಮೊದಲು ತಂದುಕೊಂಡರೆ ಪರೀಕ್ಷೆ ತಾನಾಗಿ ಪಾಸಾಗುತ್ತದೆ ಎಂದು ನಂಬಿದರು.

ಹಚ್ಚೆಯ ಅಂಗಡಿ ಕುಂದಾಪುರದ ಪೇಟೆಯಲ್ಲಿ, ಒಂದು ಮಾಳಿಗೆಯ ಮೇಲೆ. ಅಂಗಡಿಯ ಸುಂದರ ಹಂಗಾರಕಟ್ಟೆಯವನು. ಮೂವತ್ತು ವರ್ಷ ದೋಣಿ, ಬೋಟುಗಳಿಗೆ ಹೆಸರು ಬರೆದು ಬದುಕಿದವನು. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರು ಬಂದ ಮೇಲೆ ಬ್ರಷ್ಷು ಕೆಳಗಿಟ್ಟು, ಮಂಗಳೂರಿಗೆ ಹೋಗಿ ಸೂಜಿಯ ಕೆಲಸ ಕಲಿತು ಬಂದ. ಅಕ್ಷರ ಮಾತ್ರ ಅದೇ, ಬೋಟಿನ ಮೇಲಿನ ಗುಂಡಗಿನ ಅಕ್ಷರ.

"ಹ್ವಾಯ್ ಭಟ್ರೇ, ಮಗಳಿಗ್ ಹಾಕ್ದೆ ಅಂದ್ ನಂಗ್ ಬೈದ್ ಹೋಪುಕ್ ಬಂದ್ರ್ಯಾ?"

"ಅಲ್ಲ ಮಾರಾಯ. ನಂಗೂ ಒಂದ್ ಹಾಕ್ಕ್."

"ಎಂತ ಬರೂದ್?"

"ನಸ್ಯ ಬಿಟ್ಟ ದಿನ ಅಂದ್. ಅದ್ರ್ ಬುಡಕ್ ಇವತ್ತಿನ ತಾರೀಖ್."

ಸುಂದರ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಬಿಟ್ಟ್ ಎಷ್ಟೊತ್ತಾಯ್ತ್?"

ಉರಾಳರು ಪ್ರಾಮಾಣಿಕವಾಗಿ ಗೋಡೆಯ ಗಡಿಯಾರ ನೋಡಿದರು. "ಹತ್ತ್ ನಿಮ್ಷ. ಕೆಳಗೆ ಮೆಟ್ಲ್ ಹತ್ರ ಕಡೇ ಚಿಟಿಕೆ ಹಾಕಿ ಹತ್ತಿ ಬಂದೆ."

ಇಷ್ಟು ಹೇಳಿ ಎರಡು ಸಲ ಸೀನಿದರು. ಕಪಾಟಿನ ಬಣ್ಣದ ಸೀಸೆಗಳು ನಡುಗಿದವು.

"ಬೋಟಿಗಾರೆ ನೀರಿಗ್ ಇಳೂಕ್ ಮುಂಚೆ ಹೆಸ್ರ್ ಬರೀಲಕ್ಕ್," ಎಂದ ಸುಂದರ. "ಮನ್ಷಂಗೆ ಹಾಂಗ್ ಆತಿಲ್ಲ ಭಟ್ರೇ. ನೀರಿಗ್ ಇಳ್ದ್, ಎದ್ದ್ ಬಂದ್ಮೇಲೇ ಬರೂದ್." ಅಂಗಡಿಯಲ್ಲಿ ಅವನದೊಂದು ಪದ್ಧತಿ ಇತ್ತು. ಯಾರು ಬಂದರೂ ಮೊದಲು ಪೆನ್ನಿನಿಂದ ಬರೆದು ಕಳಿಸುತ್ತಿದ್ದ. ಎಂಟು ದಿನ ಅದನ್ನು ಹೊತ್ತು ತಿರುಗಾಡಿ, ಮತ್ತೂ ಬೇಕು ಅನಿಸಿದರೆ ಬರಬೇಕು. ಅರ್ಧದಷ್ಟು ಪ್ರೇಮಿಗಳು ಎಂಟನೆಯ ದಿನ ಬರುತ್ತಿರಲಿಲ್ಲವಂತೆ.

ಉರಾಳರು ಬಂದರು. ಆ ಎಂಟು ದಿನಗಳಲ್ಲಿ ಐದು ದಿನ ನಿಜವಾಗಿ ನಸ್ಯ ಮುಟ್ಟಿರಲಿಲ್ಲ. ಉಳಿದ ಮೂರು ದಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ತಮ್ಮೊಳಗೇ ತೀರ್ಮಾನ ಮಾಡಿಕೊಂಡಿದ್ದರು. ಒಂದು ದಿನ ನೆಗಡಿ, ಒಂದು ದಿನ ಚಿಕ್ಕಪ್ಪನ ತಿಥಿಯ ಅಡುಗೆ. ಮೂರನೆಯ ದಿನಕ್ಕೆ ಕಾರಣ ಹೊಳೆಯಲಿಲ್ಲ. ಹೊಳೆಯದ ಕಾರಣ ಅದನ್ನು ಮರೆತರು. ಸುಂದರ ಕೇಳಿದಾಗ, "ಎಂಟೂ ದಿನ ಮುಟ್ಲಿಲ್ಲ" ಎಂದರು. ಸೂಜಿ ಗುಂಯ್ಯೆಂದಿತು.

ಮನೆಗೆ ಬಂದು ಕೈ ತೋರಿಸಿದಾಗ ಸುಗುಣಾ ಅಕ್ಷರಗಳನ್ನು ನಿಧಾನವಾಗಿ ಓದಿದರು. "ಚಂದ ಆಯ್ತ್. ಬೆನ್ನಿಗ್ ಹಾಕ್ಸುಕ್ ಆಗಿತ್ತ್."

"ಯಾಕೆ?"

"ಕೈ ಆರೆ ನೀವ್ ಅಡ್ಗ್ಸಿ ಇಡ್ತ್ರಿ."

ಆದರೆ ಅಡುಗೆಯವನ ಕೈ ಅಡಗುವುದೆಲ್ಲಿ? ನಮ್ಮ ಕಡೆಯ ಅಡುಗೆಯವರು ಅಂಗಿ ತೊಡುವುದಿಲ್ಲ. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೈರಾಸು; ಮಿಕ್ಕದ್ದೆಲ್ಲ ಊರಿಗೆ ಕಾಣುವಂಥದ್ದು. ಹಾಗಾಗಿ ಎರಡು ವಾರಗಳಲ್ಲಿ ತಾಲೂಕಿಗೆಲ್ಲ ಸುದ್ದಿಯಾಯಿತು. ಹಚ್ಚೆ ಹಾಕಿದ ಕೈ ದೇವರ ಅಡುಗೆಗೆ ಆದೀತೇ ಎಂದು ಯಾರೋ ಕೇಳಿದ್ದಕ್ಕೆ ಶಾಮರಾಯರು, "ನನ್ನ್ ಅಜ್ಜಿ ಎರಡೂ ಕೈಗ್ ಮೊಣಕೈ ತನಕ ಹಾಕ್ಸ್‌ಕಂಡಿತ್ತ್. ಅದ್ ಮಾಡದ್ ನೈವೇದ್ಯ ದೇವ್ರ್ ಅರವತ್ತ್ ವರ್ಷ ಉಂಡಿದ" ಎಂದು ಬಾಯಿ ಮುಚ್ಚಿಸಿದರು. ಬೀಜಾಡಿಯ ಯುವಕಮಂಡಲದವರು ಒಂದು ಹೆಜ್ಜೆ ಮುಂದೆ ಹೋಗಿ, ದುಶ್ಚಟ ಬಿಟ್ಟ ಸಾಧಕ ಎಂದು ಉರಾಳರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದರು. ಉರಾಳರು ಇಪ್ಪತ್ತು ನಿಮಿಷ ಮಾತಾಡಿದರು. ಮನಸ್ಸೊಂದು ಗಟ್ಟಿ ಇದ್ದರೆ ಏನನ್ನೂ ಗೆಲ್ಲಬಹುದು ಎಂದರು. ಚಪ್ಪಾಳೆ ಬಿತ್ತು.

ಆ ಸಭೆ ನಡೆದದ್ದು ಹಚ್ಚೆ ಹಾಕಿಸಿದ ನಲವತ್ತನೆಯ ದಿನ. ಉರಾಳರು ಮತ್ತೆ ನಸ್ಯ ಏರಿಸಿದ್ದು ಇಪ್ಪತ್ತಮೂರನೆಯ ದಿನ.

ಒಳಗಿನ ಅವಸ್ಥೆಯನ್ನು ಅವರೇ ಹೇಳಬೇಕು. "ಬರ್ದಾಯ್ತಲ್ಲ, ಇನ್ನೆಂತ ಅಂದ್ ಕಂಡಿತ್ತ್ ನಂಗೆ," ಎನ್ನುತ್ತಾರೆ. ಕೈಯಲ್ಲಿ ಬರೆದದ್ದನ್ನು ಜನ ಓದಿ ಹೊಗಳಿದರು; ಹೊಗಳಿಕೆ ಸಿಕ್ಕಿದ ಮೇಲೆ ಬಿಟ್ಟ ಹಾಗೆಯೇ ಆಯಿತಲ್ಲ ಎಂಬ ಸಮಾಧಾನ ಮೂಡಿತು; ಆ ಸಮಾಧಾನದಲ್ಲಿ ಒಂದು ಚಿಟಿಕೆ. ಮೊದಲು ನಸ್ಯ ಹಾಕುವುದು ಬರಿಯ ಚಟವಾಗಿತ್ತು, ಈಗ ಕಳ್ಳತನವೂ ಆಯಿತು. ಡಬ್ಬಿ ಸೊಂಟದಲ್ಲಿ ಇರುವಂತಿಲ್ಲ. ದೇವಸ್ಥಾನದ ಹಿಂದಿನ ಕಟ್ಟಿಗೆಕೊಟ್ಟಿಗೆಯಲ್ಲಿ, ತೆಂಗಿನ ಮಡಲುಗಳ ಸಂದಿನಲ್ಲಿ ಅದನ್ನು ಬಚ್ಚಿಟ್ಟರು. ಸಂಜೆ ದೇವರ ದರ್ಶನದ ನೆವದಲ್ಲಿ ಹೋಗಿ, ಕಟ್ಟಿಗೆಯ ಮರೆಯಲ್ಲಿ ನಿಂತು, ಎಡಗೈಯಿಂದ ಹಾಕಿಕೊಳ್ಳುತ್ತಿದ್ದರು. ಬಲಗೈಗೆ ಹೇಗೂ ಮುಖ ತೋರಿಸುವಂತಿರಲಿಲ್ಲ.

ಒಂದು ವಿಚಿತ್ರ ಮಾತ್ರ ಅವರಿಗೆ ಅರ್ಥವಾಗಲಿಲ್ಲ. ಡಬ್ಬಿಯ ನಸ್ಯ ಅವರು ಹಾಕಿದ್ದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಇಲಿಗಳು ಇರಬಹುದು ಎಂದುಕೊಂಡರು. ನಸ್ಯ ಹಾಕುವ ಇಲಿಯನ್ನು ಅವರು ಕಂಡಿರಲಿಲ್ಲ, ಆದರೆ ದೇವಸ್ಥಾನದ ಇಲಿ, ಹೇಗೂ ಇರಬಹುದು.

ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ ಎಂಬ ಧೈರ್ಯ ಅವರಿಗೆ ಜನವರಿಯ ತನಕ ಇತ್ತು. ಒಗೆಯುವ ಬಟ್ಟೆಯಲ್ಲಿ ಕರ್ಚೀಫು ಇರುತ್ತದೆ, ಕರ್ಚೀಫಿನಲ್ಲಿ ಕಂದುಬಣ್ಣದ ಕಲೆ ಇರುತ್ತದೆ ಎಂಬುದು ಅವರ ತಲೆಗೇ ಬಂದಿರಲಿಲ್ಲ. ಬಟ್ಟೆ ಒಗೆಯುವವರು ಸುಗುಣಾ. ಒಂದು ಬೆಳಿಗ್ಗೆ ಉರಾಳರು ಕಪಾಟು ತೆರೆದರೆ ಹನ್ನೆರಡು ಕರ್ಚೀಫುಗಳು ಇಸ್ತ್ರಿಯಾಗಿ ಕುಳಿತಿದ್ದವು. ಒಂದೊಂದರ ಮೂಲೆಯಲ್ಲಿಯೂ ಕೆಂಪು ನೂಲಿನಲ್ಲಿ ಕಸೂತಿ: ೨-೬-೨೦೨೩.

"ಎಂತ ಇದ್, ಸುಗುಣಾ?"

"ನಿಮ್ಗ್ ಆ ತಾರೀಖಂದ್ರೆ ಹೆಮ್ಮೆ ಅಲ್ದಾ? ಕೈಯಂಗೊಂದೇ ಯಾಕೆ, ಮೂಗಿನ್ ಹತ್ರವೂ ಇರ್ಲಿ ಅಂದ್ ಹಾಕ್ದೆ."

ಉರಾಳರು ಅಲ್ಲಿಂದ ಸೀದಾ ಬ್ಯಾಂಕಿನ ಕೆಲಸವಿದೆ ಎಂದು ಹೊರಟವರು ಬ್ಯಾಂಕಿಗೆ ಹೋಗಲಿಲ್ಲ. ತಿರುಗಾಡಿದರು. ಸಮಾರಾಧನೆಗೆ ಮೂರು ವಾರ ಉಳಿದಿತ್ತು. ಇನ್ನೂ ಹತ್ತು ದಿನ ಒಳಗೊಳಗೇ ಗುದ್ದಾಡಿ, ಹನ್ನೊಂದನೆಯ ದಿನ ಕೊಟ್ಟಿಗೆಗೆ ಹೋಗಿ, ಡಬ್ಬಿ ತೆಗೆದು, ಅಡುಗೆಶಾಲೆಯ ಉರಿಯುವ ಒಲೆಗೆ ಹಾಕಿದರು. ತಗಡು ಚಟಪಟ ಎಂದಿತು. ಆ ಹೊಗೆಗೆ ಬಂದ ಸೀನುಗಳೇ ಕೊನೆಯವು. ಈ ಸಲ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದರೆ ಹಿಂದಿನದನ್ನೂ ಹೇಳಬೇಕಿತ್ತಲ್ಲ.

ಸಮಾರಾಧನೆಯ ದಿನ ಬಂತು. ನಸ್ಯ ಬಿಟ್ಟು ಹನ್ನೊಂದು ದಿನ. ಮೂಗು ಅರ್ಧ ಎಚ್ಚರವಾಗಿತ್ತು: ಇಂಗು ತಿಳಿಯುತ್ತಿತ್ತು, ಕೊತ್ತಂಬರಿ ತಿಳಿಯುತ್ತಿತ್ತು, ಬೆಲ್ಲ ಕರಗಿದ್ದು ತಿಳಿಯುತ್ತಿತ್ತು. ಸೂಕ್ಷ್ಮಗಳು ಇನ್ನೂ ಮಂಜಿನಲ್ಲಿದ್ದವು. ಪರವಾಗಿಲ್ಲ, ಕೈಯಳತೆ ಇದೆ ಎಂದು ಉರಾಳರು ಧೈರ್ಯವಾಗಿಯೇ ಇದ್ದರು. ನಾಲ್ಕು ಕೊಪ್ಪರಿಗೆ ಒಲೆಯ ಮೇಲಿದ್ದವು. ದೊಡ್ಡದರಲ್ಲಿ ಕುಂಬಳಕಾಯಿಯ ಹುಳಿ. ಉರಾಳರು ಉಪ್ಪಿನ ಭರಣಿಗೆ ಕೈಹಾಕುವ ಹೊತ್ತಿಗೆ ಬೀಜಾಡಿಯ ಯುವಕಮಂಡಲದ ನಾಲ್ವರು ಬಾಗಿಲಿಗೆ ಬಂದರು. ಮುಂದಿದ್ದವನು ಮಂಡಲದ ಅಧ್ಯಕ್ಷ ರೋಹಿತ್.

"ಉರಾಳ್ರೇ, ಹೊರಗ್ ಬನ್ನಿ. ಒಂದ್ ಫೋಟೋ. ಕೈ ಕಾಣೂ ಹಾಂಗೆ!"

ಉರಾಳರು ಹೋದರು. ಒಂದು ಫೋಟೋ ಎಂದವರು ಎಂಟು ತೆಗೆದರು. ಕೈ ಎದೆಯ ಮೇಲೆ ಇಟ್ಟು ಒಂದು, ಸೌಟು ಹಿಡಿದು ಒಂದು, ಬೆರಳಿನಿಂದ ತಾರೀಖು ತೋರಿಸುತ್ತ ಒಂದು. ಮುಗಿಸಿ ಒಳಗೆ ಬಂದು ಕೊಪ್ಪರಿಗೆಯ ಮುಂದೆ ನಿಂತರು. ಹುಳಿ ಕುದಿಯುತ್ತಿತ್ತು. ಭರಣಿಯ ಮುಚ್ಚಳ ತೆರೆದಿತ್ತು.

ಉಪ್ಪು ಹಾಕಿ ಹೊರಗೆ ಹೋದದ್ದೋ, ಹಾಕದೆ ಹೋದದ್ದೋ?

ನೆನಪಾಗಲಿಲ್ಲ. ಅಂಗೈ ನೋಡಿಕೊಂಡರು. ಫೋಟೋಕ್ಕೆಂದು ತೊಳೆದುಕೊಂಡಿದ್ದರು. ಜೊತೆಗಿದ್ದ ಇಬ್ಬರು ಹಿಂಭಾಗದಲ್ಲಿ ಅನ್ನ ಬಸಿಯುತ್ತಿದ್ದರು, ಅವರೂ ಕಂಡಿರಲಿಲ್ಲ. ಮತ್ತೊಮ್ಮೆ ಹಾಕಿದರೆ ಮುನ್ನೂರು ಜನರಿಗೆ ಸಮುದ್ರದ ನೀರು ಕುಡಿಸಿದ ಹಾಗಾದೀತು. ಹಾಕದಿದ್ದರೆ ದೇವರಿಗೆ ಸತತ ಎರಡನೆಯ ವರ್ಷ ಪಥ್ಯದ ಊಟ. ರುಚಿ ನೋಡುವಂತಿಲ್ಲ. ಉರಾಳರು ಕೊಪ್ಪರಿಗೆಯಿಂದ ಎರಡು ಮಾರು ದೂರ ನಿಂತು, ಕಣ್ಣು ಮುಚ್ಚಿ, ಹಬೆ ತಾನಾಗಿ ಬರುವುದಕ್ಕೆ ಕಾದರು. ಬಂತು. ಇಂಗು ಬಂತು, ಕುಂಬಳಕಾಯಿ ಬಂತು. ಮುಂದಿನ ಮಾತನ್ನು ಮೂಗು ಹೇಳಲಿಲ್ಲ.

ನೈವೇದ್ಯಕ್ಕೆ ಅರ್ಧ ಗಂಟೆ ಇತ್ತು. ಅದೃಷ್ಟ ನೋಡೋಣವೆಂದು ಉಪ್ಪು ಹಾಕಿಬಿಡಬಹುದಿತ್ತು. ಸರಿಹೋದರೆ ಶಾಲು ಶಾಲಾಗಿಯೇ ಉಳಿಯುತ್ತಿತ್ತು, ಸೌಟು ಅವರದೇ ಆಗಿರುತ್ತಿತ್ತು. ಕೈ ಭರಣಿಯ ಒಳಗೆ ಹೋಗಿಯೂ ಇತ್ತು. ಆ ಕೈಯ ಮೇಲೆ ಗುಂಡಗಿನ ಅಕ್ಷರಗಳಿದ್ದವು. ಅವುಗಳನ್ನು ಓದಿದಾಗ ಅವರಿಗೆ, ಈ ಕೈಯನ್ನು ನಂಬಿ ಯಾರೂ ಉಪ್ಪು ತಿನ್ನಬಾರದು ಎನಿಸಿತು. ಮುಷ್ಟಿ ಬಿಚ್ಚಿ, ಬಾಗಿಲಿಗೆ ಬಂದು, ಶಾಮರಾಯರನ್ನು ಕರೆದರು. ಯುವಕಮಂಡಲದವರು ಅಲ್ಲಿಯೇ ಇದ್ದರು. ಇರಲಿ ಎಂದುಕೊಂಡರು.

"ಶಾಮಣ್ಣಯ್ಯ, ಈ ಕೈಯಂಗಿದ್ ತಾರೀಖ್ ಸುಳ್ಳ್. ಮೊನ್ನೆ ಮೊನ್ನೆ ವರಿಗೂ ಕದ್ದ್ ಹಾಕ್ತಿದ್ದೆ. ಬಿಟ್ಟ್ ಬರೀ ಹನ್ನೊಂದ್ ದಿನ. ಹುಳಿಗ್ ಉಪ್ಪ್ ಹಾಕಿದ್ನಾ ಇಲ್ಯಾ ಅಂದ್ ನೆನ್ಪಿಲ್ಲ, ಮೂಗೂ ಹೇಳುದಿಲ್ಲ. ನಂಗಾತಿಲ್ಲ. ಯಾರಾರೂ ಬನ್ನಿ."

ರೋಹಿತನ ಕೈಯಲ್ಲಿದ್ದ ಫೋನು ಮೆಲ್ಲಗೆ ಕಿಸೆಗೆ ಇಳಿಯಿತು.

ಉರಾಳರ ಮನೆಯಲ್ಲಿ ನಸ್ಯ ಮುಟ್ಟದ, ಅಡುಗೆಯ ಹಬೆಯಲ್ಲೇ ಪಳಗಿದ ಇನ್ನೊಂದು ಮೂಗಿದೆ ಎಂಬುದು ಶಾಮರಾಯರಿಗೆ ಗೊತ್ತಿತ್ತು. ಹೊರಗಿನ ಚಪ್ಪರದ ಕಡೆ ತಿರುಗಿ ಕೂಗಿದರು: "ಹ್ವಾಯ್, ಸುಗುಣಾ! ಇಲ್ ಬಾ ಕಾಂಬ."

ಚಪ್ಪರದ ಕೆಳಗೆ ಹೆಂಗಸರು ಬಾಳೆಲೆ ಒರೆಸಿ ಒಂದರ ಮೇಲೊಂದು ಅಡುಕುತ್ತಿದ್ದರು. ದೇವರ ಅಡುಗೆಶಾಲೆಯ ಒಳಗೆ ಅವರು ಬರುವ ರೂಢಿ ಇಲ್ಲ. ಆದರೆ ಹೊಗೆ ಹೋಗುವುದಕ್ಕೆಂದು ಗೋಡೆಯಲ್ಲಿ ಮರದ ಸರಳಿನ ದೊಡ್ಡ ಕಿಟಕಿಯಿದೆ, ದೊಡ್ಡ ಕೊಪ್ಪರಿಗೆಯ ನೇರಕ್ಕೇ. ಸುಗುಣಾ ಕಿಟಕಿಯ ಹೊರಗೆ ನಿಂತರು. ಬಾಗಲಿಲ್ಲ, ಮೂಸಲಿಲ್ಲ. ಹಬೆ ತಾನಾಗಿ ಹೊರಗೆ ಬಂದು ಅವರ ಮುಖ ಸವರಿತು.

"ಉಪ್ಪೇ ಬೀಳ್ಲಿಲ್ಲ," ಎಂದರು. ಒಳಗಿದ್ದ ಗಂಡನಿಗೆ ಕೇಳುವಂತೆ, "ಐದ್ ಮುಷ್ಟಿ ಹಾಕಿ. ನಿಮ್ಮ್ ಮುಷ್ಟಿ ಅಲ್ಲ, ನನ್ನ್ ಮುಷ್ಟಿ" ಎಂದು ಸೇರಿಸಿದರು.

ಉರಾಳರು ನಾಲ್ಕು ಹಾಕಿದರು. ಮೂವತ್ತು ವರ್ಷಗಳ ಸಂಸಾರದಲ್ಲಿ ಆ ಅಳತೆ ಅವರಿಗೆ ಗೊತ್ತಿತ್ತು. ಆ ವರ್ಷದ ಹುಳಿಗೆ ಮೂರನೆಯ ಸಲ ಕೈನೀಡಿದವರೇ ಹೆಚ್ಚು. ಎಲೆಯ ತುದಿಯ ಉಪ್ಪನ್ನು ಯಾರೂ ಮುಟ್ಟಲಿಲ್ಲ.

ಊಟವೆಲ್ಲ ಮುಗಿದ ಮೇಲೆ ಶಾಮರಾಯರು ಉರಾಳರನ್ನು ಕಟ್ಟಿಗೆಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಉರಾಳರು ತಲೆತಗ್ಗಿಸಿ ನಿಂತರು. ಜಿತೇಂದ್ರನ ಹೆಸರು ಈಗ ಬರುತ್ತದೆ, ತಕ್ಕಡಿ ಈಗ ಬರುತ್ತದೆ ಎಂದು ಕಾದರು. ಶಾಮರಾಯರು ಆಚೀಚೆ ನೋಡಿ, ಮಡಲುಗಳ ರಾಶಿಯ ಕಡೆಗೊಮ್ಮೆ ಕಣ್ಣು ಹಾಯಿಸಿ, ತೀರ ಸಣ್ಣ ದನಿಯಲ್ಲಿ ಕೇಳಿದರು:

"ಆ ಡಬ್ಬಿ ಈಗ ಎಲ್ಲಿಟ್ಟಿದ್ದೆ ಮಾರಾಯ? ಹನ್ನೊಂದ್ ದಿನ ಆಯ್ತ್, ಹುಡ್ಕಿ ಹುಡ್ಕಿ ಸಾಕಾಯ್ತ್ ನಂಗೆ."

ಉರಾಳರಿಗೆ ಇಲಿ ಯಾರು ಎಂಬುದು ಆಗ ತಿಳಿಯಿತು. ಡಾಕ್ಟರು ಬೈದರೆಂದು ಹತ್ತು ವರ್ಷದ ಹಿಂದೆ ಊರವರ ಸಭೆಯಲ್ಲಿಯೇ ಸಾರಿ ನಸ್ಯ ಬಿಟ್ಟವರು ಶಾಮರಾಯರು. ಅವರ ಕೈಮೇಲೆ ಮಾತ್ರ ಯಾರೂ ಏನೂ ಬರೆದಿರಲಿಲ್ಲ.

"ಒಲಿಗ್ ಹಾಕ್ದೆ ಶಾಮಣ್ಣಯ್ಯ."

"ಪೂರಾ?"

"ಪೂರಾ."

"ಹಾಳ್ ಮಾಡ್ದೆ," ಎಂದು ಶಾಮರಾಯರು ನಿಟ್ಟುಸಿರು ಬಿಟ್ಟರು. ಹೊರಡುವಾಗ ತಿರುಗಿ, "ಬರೂ ವರ್ಷವೂ ನೀನೇ. ಸುಗುಣನ್ನ ಕಿಟ್ಕಿ ಹತ್ರ ನಿಲ್ಸ್‌ಕೋ" ಎಂದರು.

ಶಾಲನ್ನು ಉರಾಳರು ಯುವಕಮಂಡಲಕ್ಕೆ ಹಿಂದಿರುಗಿಸಲು ಹೋದರು. ರೋಹಿತ್, ಕೊಟ್ಟದ್ದನ್ನು ತೆಗೆದುಕೊಳ್ಳುವ ಕ್ರಮವಿಲ್ಲ ಎಂದ. ಹಣ್ಣಿನ ಬುಟ್ಟಿಯಂತೂ ಮುಗಿದಿತ್ತು. ಸುಂದರನ ಅಂಗಡಿಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸುಂದರ ಅವರನ್ನು ಬೈಯಲಿಲ್ಲ. ಆ ಅಕ್ಷರಗಳ ಮೇಲೆ ತಾವರೆ ಬರೆದು ಮುಚ್ಚಿಬಿಡಲೇ ಎಂದ. ಬೇಡವೆಂದರು. ಕೆಳಗೆ ಸರಿಯಾದ ತಾರೀಖು ಹಾಕಲೇ ಎಂದ.

"ಬೇಡ ಮಾರಾಯ. ಸರಿ ತಾರೀಖ್ ಬರ್ದ್ರೆ ನಾ ಮತ್ತೆ ಶಾಲ್ ಹೊದ್ಕಂಡ್ ಕೂತ್ಕಂತೆ. ಈ ಸುಳ್ಳೇ ಇರ್ಲಿ. ಇದನ್ ಕಂಡಾಗ್ಳಿಕೆಲ್ಲ ನಾಚ್ಕೆ ಆತ್ತ್, ಅದೇ ಒಳ್ಳೇದ್."

ಆ ಮಾತು ಸುಂದರನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಈಗ ಅವನ ಅಂಗಡಿಗೆ ಬರುವವರಲ್ಲಿ ಹೊಸ ಬದುಕು, ಹೊಸ ಪ್ರತಿಜ್ಞೆ ಎಂದು ಹೇಳುವವರನ್ನು ಅವನು ಮೊದಲು ಸಾಲಿಗ್ರಾಮಕ್ಕೆ ಕಳಿಸುತ್ತಾನೆ. "ಉರಾಳ್ರನ್ನ ಕಂಡ್ ಬನ್ನಿ, ಆಮೇಲ್ ಕಾಂಬ" ಎನ್ನುತ್ತಾನೆ. ಅಡುಗೆಯಿಲ್ಲದ ದಿನಗಳಲ್ಲಿ ಉರಾಳರ ಜಗಲಿಯಲ್ಲಿ ಹೀಗೆ ಬಂದವರು ಒಬ್ಬಿಬ್ಬರಾದರೂ ಇರುತ್ತಾರೆ. ಉರಾಳರು ಅವರ ಮುಂದೆ ತರಕಾರಿಯ ರಾಶಿ ಸುರಿದು ಕೈಗೊಂದು ಚೂರಿ ಕೊಡುತ್ತಾರೆ. ಹೆಚ್ಚುತ್ತ ಹೆಚ್ಚುತ್ತ ತಮ್ಮ ಕಥೆಯನ್ನು ಹೇಳುತ್ತಾರೆ, ಅವರ ಕಥೆಯನ್ನು ಕೇಳುತ್ತಾರೆ. ಉಪದೇಶ ಮಾಡುವುದಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜನ ಮನೆಗೇ ಮರಳುತ್ತಾರಂತೆ. ವ್ಯಾಪಾರ ಕೆಟ್ಟಿತೆಂದು ಸುಂದರ ನಗುತ್ತಲೇ ದೂರುತ್ತಾನೆ.

ಎಲ್ಲರನ್ನೂ ಮರಳಿಸುತ್ತಾರೆ ಎಂದಲ್ಲ. ಮೊನ್ನೆ ಬೈಂದೂರಿನ ವಿನಯಾ ಎಂಬಾಕೆ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಟೆಂಪೊವನ್ನು ಮಾರದೆ ಓಡಿಸಲು ಕಲಿತು, ಒಂದೂವರೆ ವರ್ಷದಿಂದ ಕೊಲ್ಲೂರಿನ ಅಂಗಡಿಗಳಿಗೆ ಸಾಮಾನು ಹಾಕುತ್ತಿದ್ದಾಳೆ. ಸ್ಟಿಯರಿಂಗಿನ ಹಚ್ಚೆ ಬೇಕಂತೆ. ಉರಾಳರು ಅಂಗಳದಲ್ಲಿ ನಿಂತಿದ್ದ ಟೆಂಪೊ ನೋಡಿದರು. ಅದನ್ನು ಆ ಇಕ್ಕಟ್ಟಿನ ಓಣಿಯಲ್ಲಿ ಹಿಂದಕ್ಕೆ ತಂದು ನಿಲ್ಲಿಸಿದವಳು ಅವಳೇ.

"ನೀ ಇಲ್ಲಿಗ್ ಯಾಕ್ ಬಂದದ್ದ್ ಮಗಾ? ಹೋಗ್, ಹಾಕ್ಸ್‌ಕೋ. ದೊಡ್ಡದೇ ಹಾಕ್ಸ್‌ಕೋ" ಎಂದು, ಚೂರಿಯನ್ನೂ ಕೊಡದೆ, ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಈ ವಾರ ಬಂದಿರುವವನು ದೇವು. ತೆಂಗಿನಕಾಯಿ ಸುಲಿಯುವ ಕೆಲಸ. ಬೀಡಿ ಬಿಟ್ಟು ತಿಂಗಳಾಯಿತು, ತೋಳಿನ ಮೇಲೆ ಬರೆಸಿಕೊಳ್ಳಬೇಕು ಎಂದು ಕುಳಿತಿದ್ದಾನೆ. ಉರಾಳರು ಸೌತೆಕಾಯಿಯಿಂದ ತಲೆಯೆತ್ತಲಿಲ್ಲ. ಗಾಳಿ ಅವನ ಕಡೆಯಿಂದ ಜಗಲಿಗೆ ಬೀಸುತ್ತಿತ್ತು.

"ಎಡ್ದ್ ಕಿಸಿ," ಎಂದರು. "ಮೂರ್ ಇತ್ತ್. ಒಂದ್ ಅರ್ಧ ಸೇದಿ ನಂದ್ಸಿದ್ದ್."

ದೇವು ಕಿಸೆಗೆ ಕೈಹಾಕಿ ಎಣಿಸಿ ನೋಡಿ ಬಾಯಿ ಬಿಟ್ಟುಕೊಂಡು ಕುಳಿತ. ಒಳಗಿನಿಂದ ಸುಗುಣಾ ನಕ್ಕದ್ದು ಕೇಳಿಸಿತು. ಉರಾಳರು ಇನ್ನೊಂದು ಸೌತೆಕಾಯಿಯನ್ನು ಅವನ ಮುಂದೆ ಉರುಳಿಸಿ, ನಾಳೆಯ ಗೃಹಪ್ರವೇಶಕ್ಕೆ ಇನ್ನೂರೈವತ್ತು ಎಲೆ ಇದೆ, ಹೋಳು ಸ್ವಲ್ಪ ದಪ್ಪವೇ ಇರಲಿ ಎಂದರು.